ನಾಯಿ, ಬೆಕ್ಕುಗಳ ಬಾಯಿಯ ಶಸ್ತ್ರಚಿಕಿತ್ಸೆ: ಬಿಲ್ಲಿನ ಹಿಂದಿರುವ ಲೆಕ್ಕ

ನಮ್ಮ ಸದಸ್ಯರ ಪೈಕಿ ಗೋದಾಮು, ಗಿರಣಿ, ಸಣ್ಣ ಕಾರ್ಖಾನೆಗಳನ್ನು ಹೊಂದಿರುವ ಅನೇಕರು ಕಾವಲಿಗಾಗಿ ನಾಯಿಗಳನ್ನು ಸಾಕಿದ್ದಾರೆ. ಇಲಿ, ಹೆಗ್ಗಣಗಳ ಕಾಟಕ್ಕೆ ಪರಿಹಾರವೆಂದು ಕಾಳುಕಡಿಯ ಮಳಿಗೆಗಳಲ್ಲಿ ಬೆಕ್ಕುಗಳಿಗೂ ಜಾಗವಿದೆ. ಇವುಗಳ ಅನ್ನ, ಹಾಲು, ವರ್ಷಕ್ಕೊಮ್ಮೆಯ ಚುಚ್ಚುಮದ್ದಿನ ಖರ್ಚನ್ನು ಯಾರೂ ದೊಡ್ಡದೆಂದು ಭಾವಿಸುವುದಿಲ್ಲ. ಆದರೆ ಅದೇ ಪ್ರಾಣಿಯ ಬಾಯಿಗೆ ಶಸ್ತ್ರಚಿಕಿತ್ಸೆ ನಡೆದು ಆಸ್ಪತ್ರೆಯ ಬಿಲ್ಲು ಕೈಗೆ ಬಂದಾಗ "ನಾಯಿಯ ಹಲ್ಲಿಗೆ ಇಷ್ಟು ಹಣವೇ?" ಎಂಬ ಪ್ರಶ್ನೆ ಏಳುತ್ತದೆ. ಇತ್ತೀಚಿನ ವರ್ಷಗಳಲ್ಲಿ ಲೆಕ್ಕ ತಪಾಸಣೆಯ ಸಂದರ್ಭದಲ್ಲಿ ಇಂತಹ ಬಿಲ್ಲುಗಳು ನನ್ನ ಮುಂದೆಯೂ ಬರುತ್ತಿವೆ. ಇದನ್ನು ಯಾವ ಖಾತೆಗೆ ಹಾಕಬೇಕು, ವೆಚ್ಚವೆಂದು ಮಾನ್ಯವಾಗುತ್ತದೆಯೇ ಎಂಬುದು ವ್ಯಾಪಾರಿಗಳ ಸಹಜ ಪ್ರಶ್ನೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಹಣ ಯಾವುದಕ್ಕಾಗಿ ವ್ಯಯವಾಯಿತು? ಅದು ತಿಳಿಯದೆ ಬಿಲ್ಲು ಹೆಚ್ಚೋ ಕಡಿಮೆಯೋ ಎಂದು ತೀರ್ಮಾನಿಸುವುದು ಸಾಧ್ಯವಿಲ್ಲ. ಪಶುವೈದ್ಯರಿಂದ ಕೇಳಿ ತಿಳಿದದ್ದನ್ನೂ ಓದಿ ಅರಿತದ್ದನ್ನೂ ವ್ಯಾಪಾರಿಗಳಿಗೆ ಪರಿಚಿತವಾದ ವೆಚ್ಚದ ಭಾಷೆಯಲ್ಲಿ ಇಲ್ಲಿ ವಿವರಿಸಿದೆ.

ಕಾಣುವುದು ಕಡಿಮೆ, ಕಾಣದ್ದು ಹೆಚ್ಚು

ಬೆಳೆದ ನಾಯಿಗೆ 42 ಹಲ್ಲುಗಳು, ಬೆಕ್ಕಿಗೆ 30. ಹೊರಗೆ ಕಾಣುವುದು ಹಲ್ಲಿನ ಒಂದು ಭಾಗ ಮಾತ್ರ. ನಾಯಿಯ ಕೋರೆಹಲ್ಲಿನ ಬೇರು ಹೊರಗಿನ ಭಾಗಕ್ಕಿಂತ ಉದ್ದವಾಗಿಯೂ ದಪ್ಪವಾಗಿಯೂ ಇರುತ್ತದೆ. ಕೆಳದವಡೆಯ ಮುಂಭಾಗದ ಬಹುಪಾಲನ್ನು ಈ ಬೇರೇ ಆಕ್ರಮಿಸಿಕೊಂಡಿರುವುದರಿಂದ, ಅದನ್ನು ಬಲವಂತದಿಂದ ಕಿತ್ತರೆ ದವಡೆಯೇ ಮುರಿಯುವ ಸಂಭವವಿದೆ. ಸಣ್ಣ ತಳಿಯ ನಾಯಿಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಮೇಲ್ದವಡೆಯ ಕೋರೆಹಲ್ಲಿನ ಬೇರಿಗೂ ಮೂಗಿನ ಒಳಭಾಗಕ್ಕೂ ನಡುವೆ ಇರುವುದು ತೆಳುವಾದ ಮೂಳೆ. ಹಲ್ಲು ಕಿತ್ತ ಜಾಗವನ್ನು ಸರಿಯಾಗಿ ಮುಚ್ಚದಿದ್ದರೆ ಬಾಯಿಯಿಂದ ಮೂಗಿಗೆ ರಂಧ್ರ ಉಳಿದು, ತಿಂದ ಅನ್ನ, ಕುಡಿದ ನೀರು ಮೂಗಿಗೆ ನುಗ್ಗುತ್ತವೆ. ನಾಯಿ ಸದಾ ಸೀನುತ್ತಿರುತ್ತದೆ. ಮೂಳೆ ಕಡಿಯುವ ಮೇಲಿನ ದೊಡ್ಡ ಹಲ್ಲಿಗೆ ಮೂರು ಬೇರುಗಳು. ಅದನ್ನು ಒಂದೇ ಬಾರಿಗೆ ಕೀಳಲಾಗುವುದಿಲ್ಲ. ಮೂರು ಭಾಗಗಳಾಗಿ ಕತ್ತರಿಸಿ, ಒಂದೊಂದು ಬೇರನ್ನೂ ಪ್ರತ್ಯೇಕವಾಗಿ ಸಡಿಲಿಸಿ ತೆಗೆಯಬೇಕು.

ವಸಡಿನ ರೋಗದ ಸ್ಥಿತಿಯೂ ಹೀಗೆಯೇ. ಹಲ್ಲಿನ ಮೇಲೆ ಕಾಣುವ ಹಳದಿ ಕಿಟ್ಟ ಕೇವಲ ಸೂಚನೆ. ನಿಜವಾದ ನಷ್ಟ ವಸಡಿನ ಕೆಳಗೆ, ಬೇರನ್ನು ಹಿಡಿದಿರುವ ಮೂಳೆ ಸವೆಯುವುದರಲ್ಲಿ ಇದೆ. ಅಂಗಡಿಯ ಮುಂಭಾಗವನ್ನು ನೋಡಿ ಗೋದಾಮಿನ ದಾಸ್ತಾನನ್ನು ಅಂದಾಜು ಮಾಡಲಾಗದು ಎಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಬಾಯಿಯೊಳಗೆ ಇಟ್ಟು ತೆಗೆಯುವ ಎಕ್ಸ್-ರೇ ಚಿತ್ರವೇ ಇಲ್ಲಿ ಭೌತಿಕ ದಾಸ್ತಾನು ಪರಿಶೀಲನೆ.

ತಜ್ಞ ಶಾಖೆಯ ಬೆಳವಣಿಗೆ

ಪಶುವೈದ್ಯ ದಂತಚಿಕಿತ್ಸೆ ಪ್ರತ್ಯೇಕ ಶಾಖೆಯಾಗಿ ಬೆಳೆದದ್ದು ಮೊದಲು ಅಮೆರಿಕದಲ್ಲಿ. 1988ರಲ್ಲಿ ಅಲ್ಲಿನ ಅಮೆರಿಕನ್ ವೆಟರ್ನರಿ ಡೆಂಟಲ್ ಕಾಲೇಜಿಗೆ ತಜ್ಞರ ಸಂಸ್ಥೆಯೆಂಬ ಮಾನ್ಯತೆ ದೊರೆಯಿತು. 1998ರಲ್ಲಿ ಯೂರೋಪಿನಲ್ಲಿಯೂ ಇಂತಹದೇ ಸಂಸ್ಥೆ ಹುಟ್ಟಿಕೊಂಡಿತು. ಹೆಸರಿನಲ್ಲಿ ಕಾಲೇಜು ಎಂದಿದ್ದರೂ ಇವು ಕಟ್ಟಡವುಳ್ಳ ಶಾಲೆಗಳಲ್ಲ. ನಮ್ಮ ಲೆಕ್ಕಪರಿಶೋಧಕರ ಸಂಸ್ಥೆಯಂತೆ ಪರೀಕ್ಷೆ ನಡೆಸಿ ಅರ್ಹತೆ ನೀಡುವ ವೃತ್ತಿಸಂಸ್ಥೆಗಳು. ಪಶುವೈದ್ಯ ಪದವಿ ಪಡೆದ ಮೇಲೆ ಅಭ್ಯರ್ಥಿಯು ಹಲವು ವರ್ಷ ತಜ್ಞರ ಕೈಕೆಳಗೆ ದುಡಿದು, ನಿರ್ವಹಿಸಿದ ಪ್ರಕರಣಗಳ ದಾಖಲೆಯನ್ನು ಒಪ್ಪಿಸಿ, ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ನಮ್ಮಲ್ಲಿ ಆರ್ಟಿಕಲ್‌ಶಿಪ್ ಮುಗಿಸಿದವರಿಗೆ ಈ ಶಿಸ್ತಿನ ಪರಿಚಯವಿದ್ದೇ ಇದೆ.

ಭಾರತದಲ್ಲಿ ಈ ವಿದ್ಯೆಯನ್ನು ಪಶುವೈದ್ಯ ಕಾಲೇಜುಗಳ ಶಸ್ತ್ರಚಿಕಿತ್ಸೆ ಮತ್ತು ಕ್ಷ-ಕಿರಣ ವಿಭಾಗಗಳಲ್ಲಿ ಕಲಿಸಲಾಗುತ್ತದೆ. ಕರ್ನಾಟಕದಲ್ಲಿ ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ ಮುಂತಾದೆಡೆ ಪಶುವೈದ್ಯ ಕಾಲೇಜುಗಳಿದ್ದು, ಅವುಗಳಿಗೆ ಹೊಂದಿಕೊಂಡ ಚಿಕಿತ್ಸಾಲಯಗಳಿವೆ. ದೊಡ್ಡ ನಗರಗಳ ಖಾಸಗಿ ಆಸ್ಪತ್ರೆಗಳಲ್ಲಿಯೂ ಇದರಲ್ಲಿ ವಿಶೇಷ ಅನುಭವ ಗಳಿಸಿದ ವೈದ್ಯರಿದ್ದಾರೆ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ 30ನೇ ಕಲಮಿನ ಪ್ರಕಾರ ನೋಂದಾಯಿತ ಪಶುವೈದ್ಯರಲ್ಲದವರು ಪಶುವೈದ್ಯ ವೃತ್ತಿ ನಡೆಸುವಂತಿಲ್ಲ ಎಂಬುದನ್ನು ಈ ಹಂತದಲ್ಲಿ ನೆನಪಿಡುವುದು ಒಳ್ಳೆಯದು. ಇದರ ಮಹತ್ವ ಮುಂದೆ ತಿಳಿಯುತ್ತದೆ.

ಕಾವಲು ನಾಯಿಯ ಮುರಿದ ಹಲ್ಲು

ಕಾವಲು ನಾಯಿಗಳಲ್ಲಿ ಎರಡು ಬಗೆಯ ಹಾನಿ ಸಾಮಾನ್ಯ. ಹಗಲೆಲ್ಲ ಗೂಡಿನಲ್ಲಿ ಕೂಡಿಹಾಕಿದ ನಾಯಿ ಬೇಸರದಿಂದ ಕಬ್ಬಿಣದ ಸಲಾಕೆ, ತಂತಿಜಾಲರಿ, ಸರಪಳಿಗಳನ್ನು ಕಚ್ಚುತ್ತದೆ. ಅದರಿಂದ ಕೋರೆಹಲ್ಲಿನ ಹಿಂಬದಿ ಸವೆದು, ಹಲ್ಲು ತೆಳುವಾಗಿ, ಒಂದು ದಿನ ಮುರಿಯುತ್ತದೆ. ಎರಡನೆಯದು, ಗಟ್ಟಿಯಾದ ಮೂಳೆ, ಗೊರಸು, ಕೊಂಬುಗಳನ್ನು ಕಡಿಯುವಾಗ ಮೇಲಿನ ದೊಡ್ಡ ಹಲ್ಲಿನ ಒಂದು ಪದರ ಸೀಳಿ ಬರುವುದು. ಎರಡರಲ್ಲಿಯೂ ಹಲ್ಲಿನ ಒಳಗಿನ ತಿರುಳು ಹೊರಗೆ ತೆರೆದುಕೊಂಡರೆ ರೋಗಾಣುಗಳು ಬೇರಿನ ತುದಿಯವರೆಗೆ ಇಳಿದು ಕೀವಾಗುತ್ತದೆ.

ಹೀಗೆ ತಿರುಳು ತೆರೆದುಕೊಂಡ ಹಲ್ಲಿಗೆ ಇರುವುದು ಎರಡೇ ಮಾರ್ಗ: ರೂಟ್ ಕೆನಾಲ್ ಚಿಕಿತ್ಸೆ ಅಥವಾ ಹಲ್ಲನ್ನು ತೆಗೆಯುವುದು. ಎಳೆಯ ನಾಯಿಯಾಗಿದ್ದು, ಮುರಿದ ಸುಮಾರು 48 ಗಂಟೆಗಳೊಳಗೆ ತಜ್ಞರ ಬಳಿ ತಲುಪಿದರೆ ತಿರುಳನ್ನು ಜೀವಂತವಾಗಿ ಉಳಿಸುವ ಚಿಕಿತ್ಸೆಗೂ ಅವಕಾಶವಿದೆ. "ಕಾದು ನೋಡೋಣ" ಎಂಬುದು ಇಲ್ಲಿ ಮಾರ್ಗವೇ ಅಲ್ಲ. ಪೊಲೀಸ್ ಮತ್ತು ಸೇನಾ ನಾಯಿಗಳಿಗೆ ಕೋರೆಹಲ್ಲೇ ಕೆಲಸದ ಸಾಧನವಾದ್ದರಿಂದ ಅನೇಕ ದೇಶಗಳಲ್ಲಿ ರೂಟ್ ಕೆನಾಲ್ ಮಾಡಿ, ಮೇಲೆ ಲೋಹದ ಕವಚ ತೊಡಿಸುತ್ತಾರೆ. ಕವಚದಿಂದ ಕಚ್ಚುವ ಬಲ ಹೆಚ್ಚುವುದಿಲ್ಲ. ಉಳಿದ ಹಲ್ಲಿಗೆ ರಕ್ಷಣೆ ಸಿಗುತ್ತದೆ, ಅಷ್ಟೆ. ಬೊಗಳಿ ಎಚ್ಚರಿಸುವುದಷ್ಟೇ ಕೆಲಸವಾಗಿರುವ ಗೋದಾಮಿನ ನಾಯಿಗೆ ಸಾಮಾನ್ಯವಾಗಿ ಇದರ ಅಗತ್ಯವಿಲ್ಲ. ಹಲ್ಲನ್ನು ಕ್ರಮಬದ್ಧವಾಗಿ ತೆಗೆಸಿದರೆ ಸಾಕಾಗುತ್ತದೆ.

ನನ್ನ ಕಕ್ಷಿದಾರರೊಬ್ಬರ ಬೇಳೆ ಗಿರಣಿಯ ಉದಾಹರಣೆಯನ್ನು ಇಲ್ಲಿ ಹೇಳಬಹುದು. ಅಲ್ಲಿನ ನಾಯಿಗೆ ಬಲಗಣ್ಣಿನ ಕೆಳಗೆ ಊತ ಬಂದು, ಒಡೆದು, ಒಣಗಿ, ಮತ್ತೆ ಬರುತ್ತಿತ್ತು. ಕಣ್ಣಿನ ತೊಂದರೆಯೆಂದು ತಿಂಗಳುಗಟ್ಟಲೆ ಮುಲಾಮು ಹಚ್ಚಿದರು. ನಾಯಿ ಸೊರಗಿತು, ರಾತ್ರಿ ಬೊಗಳುವುದು ಕಡಿಮೆಯಾಯಿತು. ವಾಸನೆ ತಾಳಲಾರದೆ, ಅದನ್ನು ಊರಾಚೆ ಬಿಟ್ಟುಬರೋಣವೆಂದು ಗುಮಾಸ್ತರು ಸೂಚಿಸಿದರು. ವಯಸ್ಸಾದ ಕಾವಲುಗಾರ ಒಪ್ಪಲಿಲ್ಲ. "ಸಾಹುಕಾರರೆ, ಅದು ಎಚ್ಚರ ಇರುತ್ತದೆ ಎಂದೇ ರಾತ್ರಿ ನಾನು ಒಂದು ಗಳಿಗೆ ಕಣ್ಣು ಮುಚ್ಚುತ್ತೇನೆ" ಎಂದುಬಿಟ್ಟ. ಮಾಲೀಕರು ನಕ್ಕರು, ನಾಯಿಯನ್ನು ನಗರದ ಆಸ್ಪತ್ರೆಗೆ ಕಳುಹಿಸಿದರು. ಎಕ್ಸ್-ರೇಯಲ್ಲಿ ಕಂಡದ್ದು ಸೀಳಿದ ಮೇಲ್ದವಡೆಯ ಹಲ್ಲು, ಅದರ ಬೇರಿನ ತುದಿಯಲ್ಲಿ ಕೀವು. ಈ ಹಲ್ಲಿನ ಬೇರು ಕಣ್ಣಿನ ಕೆಳಗೇ ಇರುವುದರಿಂದ ಕೀವು ಅಲ್ಲಿ ದಾರಿ ಮಾಡಿಕೊಂಡಿತ್ತು. ಹಲ್ಲು ತೆಗೆದ ಮೇಲೆ ಊತ ಮತ್ತೆ ಬರಲಿಲ್ಲ. ಮುಲಾಮಿಗೆ, ಔಷಧಿಗೆ, ಓಡಾಟಕ್ಕೆ ಮೊದಲೇ ಹೋಗಿದ್ದ ಹಣವನ್ನು ಕೂಡಿಸಿದಾಗ, ಆರಂಭದಲ್ಲೇ ಎಕ್ಸ್-ರೇ ತೆಗೆಸಿದ್ದರೆ ಎಷ್ಟು ಉಳಿಯುತ್ತಿತ್ತೆಂಬುದು ಮಾಲೀಕರಿಗೆ ತಾನಾಗಿಯೇ ತಿಳಿಯಿತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿಯಬೇಕಾದ ಪ್ರಸಂಗ ಇದು.

ಬೆಕ್ಕಿನ ಸಂಗತಿಯೇ ಬೇರೆ

ಬೆಕ್ಕು ನೋವನ್ನು ತೋರಿಸಿಕೊಳ್ಳುವ ಪ್ರಾಣಿಯಲ್ಲ. ವಯಸ್ಸಾದ ಬೆಕ್ಕುಗಳಲ್ಲಿ ಹಲ್ಲು ತಾನೇ ಕರಗುತ್ತ ಹೋಗುವ ರೋಗವೊಂದು ಸಾಮಾನ್ಯವಾಗಿ ಕಂಡುಬರುತ್ತದೆ. ಮನುಷ್ಯರ ಹುಳುಕು ಹಲ್ಲಿನಂತೆ ಇದಕ್ಕೆ ಸಿಮೆಂಟು ತುಂಬಿ ಪ್ರಯೋಜನವಿಲ್ಲ. ಎಕ್ಸ್-ರೇ ನೋಡಿ, ಬೇರು ಉಳಿದಿದ್ದರೆ ಪೂರ್ತಿ ತೆಗೆಯುತ್ತಾರೆ. ಬೇರು ಈಗಾಗಲೇ ಮೂಳೆಯಲ್ಲಿ ಬೆರೆತುಹೋಗಿದ್ದರೆ ಮೇಲ್ಭಾಗವನ್ನು ಮಾತ್ರ ಕತ್ತರಿಸಿ ವಸಡನ್ನು ಹೊಲಿಯುತ್ತಾರೆ. ಚಿತ್ರವಿಲ್ಲದೆ ಈ ಎರಡರಲ್ಲಿ ಯಾವುದೆಂದು ಹೇಳುವುದು ಅಸಾಧ್ಯ.

ಇನ್ನೊಂದು ಕಠಿಣ ರೋಗವೆಂದರೆ ವಸಡು ಮತ್ತು ಬಾಯಿಯ ಹಿಂಭಾಗವೆಲ್ಲ ಕೆಂಪಾಗಿ ಹುಣ್ಣಾಗುವ ದೀರ್ಘಕಾಲದ ಉರಿಯೂತ. ಹಸಿದ ಬೆಕ್ಕು ತಟ್ಟೆಯ ಬಳಿ ಬರುತ್ತದೆ, ಒಂದು ತುತ್ತು ಬಾಯಿಗಿಟ್ಟು ಕಿರುಚಿ ಓಡುತ್ತದೆ. ಇದಕ್ಕೆ ತಜ್ಞರು ಸೂಚಿಸುವ ಮುಖ್ಯ ಚಿಕಿತ್ಸೆ ಕೇಳುವವರಿಗೆ ಕ್ರೂರವೆನಿಸಬಹುದು: ಎಲ್ಲ ಅಥವಾ ಬಹುತೇಕ ಹಲ್ಲುಗಳನ್ನು ತೆಗೆಯುವುದು. ಸುಮಾರು ಮೂರರಲ್ಲಿ ಎರಡರಷ್ಟು ಬೆಕ್ಕುಗಳು ಇದರಿಂದ ಪೂರ್ಣವಾಗಿ ಗುಣವಾಗುತ್ತವೆ ಅಥವಾ ಗಣನೀಯವಾಗಿ ಚೇತರಿಸಿಕೊಳ್ಳುತ್ತವೆ. ಉಳಿದವುಗಳಿಗೆ ಔಷಧಿ ಮುಂದುವರಿಸಬೇಕಾಗುತ್ತದೆ. ಹಲ್ಲಿಲ್ಲದ ಬೆಕ್ಕು ಮೆತ್ತಗಿನ ಆಹಾರವನ್ನು ಸುಖವಾಗಿ ತಿನ್ನುತ್ತದೆ. ಎಷ್ಟೋ ಬೆಕ್ಕುಗಳು ಒಣ ಆಹಾರವನ್ನೂ ನುಂಗುತ್ತವೆ. ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ಈ ಬೆಕ್ಕಿಗೆ ಅನ್ವಯಿಸದು; ಹಲ್ಲು ಹೋದ ಮೇಲೆಯೇ ಅದಕ್ಕೆ ಊಟ ದಕ್ಕುವುದು.

ತಜ್ಞತೆಯಿಂದ ಆಗುವ ವ್ಯತ್ಯಾಸಕ್ಕೆ ಒಂದು ಚಿಕ್ಕ ನಿದರ್ಶನ ಸಾಕು. ಶಸ್ತ್ರಚಿಕಿತ್ಸೆಯ ವೇಳೆ ಬಾಯಿ ತೆರೆದಿರಲು ಸ್ಪ್ರಿಂಗ್ ಇರುವ ಸಾಧನವೊಂದನ್ನು ಹಿಂದೆ ಎಲ್ಲೆಡೆ ಬಳಸುತ್ತಿದ್ದರು. ಬೆಕ್ಕಿನ ಕಣ್ಣಿಗೂ ಮಿದುಳಿಗೂ ರಕ್ತ ಒಯ್ಯುವ ಮುಖ್ಯ ನಾಳ ದವಡೆಯ ಪಕ್ಕದಲ್ಲೇ ಹಾದುಹೋಗುತ್ತದೆ. ಬಾಯಿಯನ್ನು ಅತಿಯಾಗಿ ಹಿಗ್ಗಿಸಿ ಹಿಡಿದಾಗ ಆ ನಾಳ ಅದುಮಿ, ಎಚ್ಚರವಾದ ಮೇಲೆ ಕೆಲವು ಬೆಕ್ಕುಗಳು ಕುರುಡಾದದ್ದು 2012ರ ನಂತರದ ಅಧ್ಯಯನಗಳಿಂದ ಸ್ಪಷ್ಟವಾಯಿತು. ಇದನ್ನು ತಿಳಿದ ವೈದ್ಯರು ಆ ಸಾಧನವನ್ನು ಬಿಟ್ಟಿದ್ದಾರೆ. ಸಾಧನದ ಬೆಲೆ ಅತ್ಯಲ್ಪ. ಅದನ್ನು ಬಳಸಬಾರದೆಂಬ ತಿಳಿವಳಿಕೆಯ ಬೆಲೆ ದೊಡ್ಡದು.

ಗಡ್ಡೆಗಳು ಮತ್ತು ದವಡೆಯ ಮುರಿತ

ನಾಯಿಯ ಬಾಯಿಯಲ್ಲಿ ಬೆಳೆಯುವ ಗಡ್ಡೆಗಳೆಲ್ಲ ಒಂದೇ ಅಲ್ಲ. ಕೆಲವು ಮೂಳೆಯನ್ನು ಕೊರೆದರೂ ದೇಹದ ಬೇರೆ ಅಂಗಗಳಿಗೆ ಹರಡುವುದಿಲ್ಲ. ಸುತ್ತಲಿನ ಆರೋಗ್ಯವಂತ ಭಾಗದ ಸಮೇತ ಕತ್ತರಿಸಿ ತೆಗೆದರೆ ಬಹುತೇಕ ಗುಣವಾಗುತ್ತವೆ. ಮೆಲನೋಮಾ ಎಂಬುದು ನಾಯಿಗಳ ಬಾಯಿಯ ಕ್ಯಾನ್ಸರುಗಳಲ್ಲಿ ಅತ್ಯಂತ ಸಾಮಾನ್ಯ. ಅದು ಬೇಗನೆ ಹರಡುವ ಸ್ವಭಾವದ್ದು. ಬೆಕ್ಕಿನ ಬಾಯಿಯ ಸ್ಕ್ವಾಮಸ್ ಕ್ಯಾನ್ಸರಿಗಂತೂ ಇಂದಿಗೂ ಸಮಾಧಾನಕರ ಚಿಕಿತ್ಸೆಯಿಲ್ಲ. ಆದ್ದರಿಂದ ಮೊದಲು ಗಡ್ಡೆಯ ಚೂರನ್ನು ಪರೀಕ್ಷೆಗೆ ಕಳುಹಿಸಿ, ಯಾವ ಬಗೆಯೆಂದು ತಿಳಿದು, ಅನಂತರವೇ ಶಸ್ತ್ರಚಿಕಿತ್ಸೆಯ ವಿಚಾರ ಮಾಡುವುದು ಕ್ರಮ. ಈ ಪರೀಕ್ಷೆಯ ಶುಲ್ಕವನ್ನು ಉಳಿಸಲು ಹೋಗಿ ಗುಣವಾಗಬಲ್ಲ ಗಡ್ಡೆಗೆ ಪ್ರಾಣಿಯನ್ನು ಕೈಬಿಡುವುದು, ಗುಣವಾಗದ ಗಡ್ಡೆಗೆ ಸಾವಿರಾರು ರೂಪಾಯಿ ಸುರಿಯುವುದು, ಎರಡೂ ನಷ್ಟವೇ.

ದವಡೆಯ ಒಂದು ಭಾಗವನ್ನೇ ತೆಗೆದ ನಾಯಿಗಳು ಕೆಲವೇ ದಿನಗಳಲ್ಲಿ ಊಟ ಮಾಡಲಾರಂಭಿಸುತ್ತವೆ ಎಂಬುದು ಅನೇಕರಿಗೆ ಆಶ್ಚರ್ಯ ತರುವ ಸಂಗತಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಪಶುವೈದ್ಯ ಶಾಲೆಯಲ್ಲಿ ಬೋವಾಜ್ ಆರ್ಜಿ, ಫ್ರಾಂಕ್ ವರ್ಸ್ಟ್ರೇಟ್ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತೆಗೆದ ದವಡೆಯ ಜಾಗದಲ್ಲಿ ಟೈಟಾನಿಯಂ ಪಟ್ಟಿಯನ್ನು ತಿರುಪುಗಳಿಂದ ಬಿಗಿದು, ಮೂಳೆ ಬೆಳೆಸುವ ಪ್ರೊಟೀನಿನಲ್ಲಿ ನೆನೆಸಿದ ಸ್ಪಂಜಿನಂತಹ ವಸ್ತುವನ್ನು ಖಾಲಿ ಜಾಗದಲ್ಲಿ ತುಂಬಿದರು. ಅಲ್ಲಿ ಹೊಸ ಮೂಳೆ ಬೆಳೆಯಿತು. ಈ ಕೆಲಸದ ವರದಿ 2015ರಲ್ಲಿ ಪಶುಶಸ್ತ್ರಚಿಕಿತ್ಸೆಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಎಲ್ಲರಿಗೂ ಎಟಕುವ ಚಿಕಿತ್ಸೆ ಇದಲ್ಲವಾದರೂ, ಈ ವಿದ್ಯೆ ಎಲ್ಲಿಯವರೆಗೆ ಬೆಳೆದಿದೆ ಎಂಬುದಕ್ಕೆ ಇದು ಸಾಕ್ಷಿ. ವಾಹನ ಬಡಿದೋ ಎತ್ತರದಿಂದ ಬಿದ್ದೋ ದವಡೆ ಮುರಿದ ಪ್ರಾಣಿಗಳಿಗೆ ಇಷ್ಟು ದೂರ ಹೋಗಬೇಕಾಗಿಲ್ಲ. ಬೆಕ್ಕಿನ ಕೆಳದವಡೆ ನಟ್ಟನಡುವೆ ಬೇರ್ಪಟ್ಟಾಗ, ಒಂದೆಳೆ ಉಕ್ಕಿನ ತಂತಿಯನ್ನು ಸುತ್ತಿ ಬಿಗಿದು ಕೆಲವು ವಾರಗಳಲ್ಲಿ ಅದನ್ನು ಕೂಡಿಸಲಾಗುತ್ತದೆ.

ವೆಚ್ಚದ ಪಟ್ಟಿಯನ್ನು ಓದುವ ಬಗೆ

ಈಗ ಬಿಲ್ಲಿಗೆ ಬರೋಣ. ಮನುಷ್ಯನು ಬಾಯಿ ತೆರೆಯಿರೆಂದರೆ ತೆರೆಯುತ್ತಾನೆ, ನಾಯಿ ತೆರೆಯುವುದಿಲ್ಲ. ಆದ್ದರಿಂದ ಪ್ರಾಣಿಗಳಲ್ಲಿ ಸರಿಯಾದ ದಂತಚಿಕಿತ್ಸೆ ಎಂದರೆ ಪೂರ್ಣ ಅರಿವಳಿಕೆಯ ಚಿಕಿತ್ಸೆ. ಅದರ ಘಟಕಗಳು ಹೀಗಿವೆ:

ಮೊದಲನೆಯದಾಗಿ, ಪೂರ್ವಸಿದ್ಧತೆ. ರಕ್ತಪರೀಕ್ಷೆಯಿಂದ ಮೂತ್ರಪಿಂಡ, ಯಕೃತ್ತುಗಳ ಸ್ಥಿತಿ ತಿಳಿದು, ಅರಿವಳಿಕೆ ತಾಳಬಲ್ಲದೇ ಎಂದು ನಿರ್ಧರಿಸುವುದು.

ಎರಡನೆಯದಾಗಿ, ಅರಿವಳಿಕೆ. ಶ್ವಾಸನಾಳಕ್ಕೆ ಕೊಳವೆ ಇಳಿಸಿ, ಅದರ ಸುತ್ತಲಿನ ಬಲೂನಿನಂತಹ ಪಟ್ಟಿಯನ್ನು ಉಬ್ಬಿಸಿ ಮುಚ್ಚುವುದರಿಂದ ನೀರು, ರಕ್ತ, ಕಿಟ್ಟದ ಚೂರುಗಳು ಶ್ವಾಸಕೋಶಕ್ಕೆ ಹೋಗುವುದಿಲ್ಲ. ರಕ್ತನಾಳಕ್ಕೆ ದ್ರವ, ದೇಹ ತಣ್ಣಗಾಗದಂತೆ ಶಾಖ, ಹೃದಯಬಡಿತ ಮತ್ತು ರಕ್ತದೊತ್ತಡದ ನಿಗಾ ಇವೆಲ್ಲ ಇದರಲ್ಲಿ ಸೇರುತ್ತವೆ. ನಿಗಾ ಇಡಲು ಶಸ್ತ್ರಚಿಕಿತ್ಸಕರಲ್ಲದ ಮತ್ತೊಬ್ಬ ವ್ಯಕ್ತಿ ಬೇಕು.

ಮೂರನೆಯದಾಗಿ, ಬಾಯಿಯ ಪೂರ್ಣ ಎಕ್ಸ್-ರೇ, ಮತ್ತು ಪ್ರತಿ ಹಲ್ಲಿನ ಸುತ್ತ ವಸಡಿನ ಆಳವನ್ನು ಸಲಾಕೆಯಿಂದ ಅಳೆದು ನಕ್ಷೆಯಲ್ಲಿ ದಾಖಲಿಸುವುದು.

ನಾಲ್ಕನೆಯದಾಗಿ, ಶಸ್ತ್ರಚಿಕಿತ್ಸೆ. ಆ ಭಾಗದ ನರಕ್ಕೆ ಮರಗಟ್ಟುವ ಚುಚ್ಚುಮದ್ದು, ವಸಡನ್ನು ಬಿಡಿಸುವುದು, ಹಲ್ಲನ್ನು ಕತ್ತರಿಸುವುದು, ಬೇರು ತೆಗೆಯುವುದು, ತಾನೇ ಕರಗುವ ದಾರದಿಂದ ಹೊಲಿಯುವುದು, ಬೇರಿನ ಚೂರು ಉಳಿದಿಲ್ಲವೆಂದು ಮತ್ತೊಮ್ಮೆ ಎಕ್ಸ್-ರೇ ತೆಗೆದು ಖಚಿತಪಡಿಸಿಕೊಳ್ಳುವುದು.

ಐದನೆಯದಾಗಿ, ನಂತರದ ಆರೈಕೆ ಮತ್ತು ಮರುತಪಾಸಣೆ.

ಮೇಲ್ಕಂಡ ಪಟ್ಟಿಯನ್ನು ಗಮನಿಸಿದರೆ, ಹಲ್ಲು ಕೀಳುವ ಕ್ರಿಯೆಯು ಐದರಲ್ಲಿ ಒಂದು ಮಾತ್ರವೆಂದು ತಿಳಿಯುತ್ತದೆ. ಅರಿವಳಿಕೆ, ಸಿಬ್ಬಂದಿ, ಯಂತ್ರೋಪಕರಣಗಳ ವೆಚ್ಚವು ಒಂದು ಹಲ್ಲು ತೆಗೆದರೂ ನಾಲ್ಕು ತೆಗೆದರೂ ಬಹುಮಟ್ಟಿಗೆ ಸ್ಥಿರ. ಹಾಗಾಗಿ ರೋಗಗ್ರಸ್ತವಾದ ಹಲ್ಲುಗಳನ್ನು ಸಾಧ್ಯವಾದಷ್ಟು ಒಂದೇ ಬಾರಿಗೆ ಪರಿಹರಿಸಿಕೊಳ್ಳುವುದು ಪ್ರಾಣಿಗೂ ಹಿತ, ಮಾಲೀಕರ ಜೇಬಿಗೂ ಹಿತ. ಎಕ್ಸ್-ರೇ ತೆಗೆಯುವ ಮೊದಲು ಖಚಿತ ಮೊತ್ತ ಹೇಳುವುದು ಯಾವ ಪ್ರಾಮಾಣಿಕ ವೈದ್ಯರಿಗೂ ಕಷ್ಟ. ಆದ್ದರಿಂದ ಕನಿಷ್ಠ ಮತ್ತು ಗರಿಷ್ಠ ಮೊತ್ತಗಳನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಗರಿಷ್ಠ ಮಿತಿ ಮೀರುವುದಾದರೆ ದೂರವಾಣಿಯ ಮೂಲಕ ಒಪ್ಪಿಗೆ ಪಡೆಯಬೇಕೆಂದು ಮೊದಲೇ ತಿಳಿಸಿ.

ಅಗ್ಗದ ದಂತಶುದ್ಧಿಯ ದುಬಾರಿ ಬೆಲೆ

ನಗರಗಳಲ್ಲಿ ಪ್ರಾಣಿಗಳಿಗೆ ಸ್ನಾನ, ಕೂದಲು ಕತ್ತರಿಸುವ ಅಂಗಡಿಗಳಲ್ಲಿ ಅರಿವಳಿಕೆಯಿಲ್ಲದೆ ಹಲ್ಲು ಉಜ್ಜಿ ಕಿಟ್ಟ ತೆಗೆಯುವ ಸೇವೆಯೂ ಕಂಡುಬರುತ್ತದೆ. ದರ ಕಡಿಮೆ, ಹಲ್ಲು ಬೆಳ್ಳಗೆ ಹೊಳೆಯುತ್ತದೆ. ಆದರೆ ವಸಡಿನ ಕೆಳಗಿನ ರೋಗ ಇದ್ದಂತೆಯೇ ಉಳಿಯುತ್ತದೆ. ಮೇಲ್ನೋಟಕ್ಕೆ ಎಲ್ಲ ಸರಿಯಾಗಿದೆ ಎಂದು ಮಾಲೀಕರು ನಂಬಿಬಿಡುವುದೇ ಇದರ ದೊಡ್ಡ ಹಾನಿ. ಅಮೆರಿಕದ ದಂತತಜ್ಞರ ಸಂಸ್ಥೆಯೂ, ಸಾಕುಪ್ರಾಣಿ ವೈದ್ಯರ ಜಾಗತಿಕ ಒಕ್ಕೂಟದ ದಂತ ಮಾರ್ಗಸೂಚಿಯೂ ಈ ಪದ್ಧತಿಯನ್ನು ವಿರೋಧಿಸಿವೆ. ಹಳೆಯ ಸಾಲವನ್ನು ವಸೂಲಿ ಮಾಡದೆ, ಖಾತೆಯ ಶೀರ್ಷಿಕೆ ಬದಲಿಸಿ ಪುಸ್ತಕವನ್ನು ಚೊಕ್ಕಟವಾಗಿ ತೋರಿಸುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ನೋಂದಾಯಿತ ಪಶುವೈದ್ಯರಲ್ಲದವರು ಚಿಕಿತ್ಸೆ ನಡೆಸುವಂತಿಲ್ಲವೆಂಬ, ಮೇಲೆ ಹೇಳಿದ ಕಾಯ್ದೆಯನ್ನು ಇಲ್ಲಿ ಸ್ಮರಿಸಬೇಕು.

ಲೆಕ್ಕಪತ್ರ ಮತ್ತು ತೆರಿಗೆ

ಕಾವಲಿಗಾಗಿ ವ್ಯಾಪಾರದ ಸ್ಥಳದಲ್ಲಿಯೇ ಸಾಕಿದ ನಾಯಿಯ ಚಿಕಿತ್ಸಾ ವೆಚ್ಚವು ವ್ಯಾಪಾರದ ಉದ್ದೇಶಕ್ಕಾಗಿಯೇ ಮಾಡಿದ ವೆಚ್ಚವಾಗುತ್ತದೆ. ಮನೆಯಲ್ಲಿ ಮಕ್ಕಳೊಡನೆ ಆಡುವ ನಾಯಿಯ ಬಿಲ್ಲನ್ನು ಗಿರಣಿಯ ಖಾತೆಗೆ ಸೇರಿಸಿದರೆ ಅದು ಸ್ವಂತ ಖರ್ಚೇ. ವ್ಯತ್ಯಾಸವನ್ನು ತೋರಿಸುವುದು ದಾಖಲೆ: ನಾಯಿಯ ಖರೀದಿ ಅಥವಾ ಸ್ವೀಕೃತಿಯ ವೋಚರ್, ಲಸಿಕೆಯ ಪುಸ್ತಕದಲ್ಲಿ ಸಂಸ್ಥೆಯ ವಿಳಾಸ, ಆಹಾರದ ಖರ್ಚಿನ ನಿಯಮಿತ ನಮೂದು. ಒಂದು ದಿನದಲ್ಲಿ ಒಬ್ಬರಿಗೆ 10,000 ರೂಪಾಯಿ ಮೀರಿ ನಗದು ನೀಡಿದರೆ ಸದರಿ ವೆಚ್ಚ ಮಾನ್ಯವಾಗದು ಎಂಬುದನ್ನೂ ಮರೆಯಬಾರದು.

1961ರ ಆದಾಯ ತೆರಿಗೆ ಕಾಯ್ದೆಯಲ್ಲಿ "ಪ್ಲಾಂಟ್" ಎಂಬ ಪದದ ವ್ಯಾಖ್ಯೆಯಿಂದ ಜಾನುವಾರು, ಪ್ರಾಣಿಗಳನ್ನು ಹೊರಗಿಟ್ಟಿರುವುದರಿಂದ ನಾಯಿಗೆ ಸವಕಳಿ ಇಲ್ಲ. ಬದಲಿಗೆ ವ್ಯಾಪಾರಕ್ಕೆ ಬಳಸಿದ ಪ್ರಾಣಿಯು ಸತ್ತಾಗ ಅಥವಾ ಶಾಶ್ವತವಾಗಿ ನಿರುಪಯುಕ್ತವಾದಾಗ ಅದರ ಮೂಲ ಬೆಲೆಯಲ್ಲಿ ವಸೂಲಾಗದ ಭಾಗವನ್ನು 36(1)(6)ನೇ ಕಲಮಿನಡಿ ಕಳೆಯಲು ಅವಕಾಶ ಕಲ್ಪಿಸಲಾಗಿತ್ತು. 2026ರ ಏಪ್ರಿಲ್ 1 ಜಾರಿಯ ದಿನವಾಗಿರುವ 2025ರ ಹೊಸ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ, ಆಯಾ ವರ್ಷಕ್ಕೆ ಅನ್ವಯಿಸುವ ಕಲಮನ್ನು ತಮ್ಮ ಲೆಕ್ಕಪರಿಶೋಧಕರಲ್ಲಿ ವಿಚಾರಿಸಿಕೊಳ್ಳಬೇಕು.

ಪ್ರಾಣಿ, ಪಕ್ಷಿಗಳ ಆರೋಗ್ಯ ರಕ್ಷಣೆಗೆ ಸಂಬಂಧಿಸಿದಂತೆ ಪಶುಚಿಕಿತ್ಸಾಲಯ ನೀಡುವ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ಆದುದರಿಂದ ಚಿಕಿತ್ಸೆಯ ಬಿಲ್ಲಿನಲ್ಲಿ ತೆರಿಗೆ ಇರಬಾರದು. ಸ್ನಾನ, ಕೂದಲು ಕತ್ತರಿಸುವ ಸೇವೆ, ಆಹಾರದ ಮಾರಾಟ ಇವು ತೆರಿಗೆಗೆ ಒಳಪಡುತ್ತವೆ. ವಿನಾಯಿತಿಗೆ ಇನ್ನೊಂದು ಮುಖವೂ ಉಂಟು. ಚಿಕಿತ್ಸಾಲಯವು ತಾನು ಕೊಂಡ ಉಪಕರಣಗಳ ಮೇಲೆ ಕೊಟ್ಟ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಪಡೆಯುವಂತಿಲ್ಲ. ಅದು ವೆಚ್ಚವಾಗಿ ಉಳಿದು, ಕೊನೆಗೆ ಶುಲ್ಕದಲ್ಲಿ ಸೇರುತ್ತದೆ.

ಪಶುವೈದ್ಯ ಮಿತ್ರರು ಗಮನಿಸಬೇಕಾದ ಅಂಶವೊಂದಿದೆ. ಉದಾಹರಣೆಗೆ, ಚಿಕಿತ್ಸಾಲಯವೊಂದರ ವಿನಾಯಿತಿ ಪಡೆದ ಸೇವೆ ವರ್ಷಕ್ಕೆ 17 ಲಕ್ಷ ರೂಪಾಯಿ, ಅಲ್ಲಿಯೇ ಮಾರುವ ಆಹಾರ, ಬ್ರಷ್ ಮುಂತಾದ ಸರಕು 4 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ತೆರಿಗೆ ಬೀಳುವುದು 4 ಲಕ್ಷಕ್ಕೆ ಮಾತ್ರ. ಆದರೆ ಒಟ್ಟು ವಹಿವಾಟಿನ ವ್ಯಾಖ್ಯೆಯಲ್ಲಿ ವಿನಾಯಿತಿ ಪಡೆದ ಸೇವೆಯೂ ಸೇರುವುದರಿಂದ 21 ಲಕ್ಷವಾಗಿ, 20 ಲಕ್ಷದ ಮಿತಿ ಮೀರಿ ನೋಂದಣಿ ಕಡ್ಡಾಯವಾಗುತ್ತದೆ.

ಸಣ್ಣ ಉತ್ಪಾದಕರಿಗೆ ಒಂದು ಮಾತು

ಈ ಶಸ್ತ್ರಚಿಕಿತ್ಸೆಗೆ ಬೇಕಾದ ಉಪಕರಣಗಳು ಬಹುಪಾಲು ಮನುಷ್ಯರ ದಂತವೈದ್ಯರು ಬಳಸುವಂತಹವೇ: ಬೇರು ಸಡಿಲಿಸುವ ಎಲಿವೇಟರ್, ಕಿಟ್ಟ ಕೆರೆಯುವ ಕ್ಯುರೆಟ್, ನೀರು ಚಿಮ್ಮುವ ವೇಗದ ಹ್ಯಾಂಡ್‌ಪೀಸ್, ಎಕ್ಸ್-ರೇ ಸೆನ್ಸರ್. ಆದರೆ ಅಳತೆಯಲ್ಲಿ ವ್ಯತ್ಯಾಸವಿದೆ. ಬೆಕ್ಕಿನ ಬೇರಿಗೆ ಅತಿ ಸಣ್ಣ ತುದಿ ಬೇಕು, ದೊಡ್ಡ ನಾಯಿಯ ಕೋರೆಹಲ್ಲಿಗೆ ಅಗಲವಾದ ರೆಕ್ಕೆಯಂತಹ ಅಂಚು ಬೇಕು. ಸ್ಟೇನ್‌ಲೆಸ್ ಉಕ್ಕಿನಲ್ಲಿ ನಿಖರ ಕೆಲಸ ಮಾಡುವ ಪೀಣ್ಯ, ಬೆಳಗಾವಿ, ಹುಬ್ಬಳ್ಳಿಯ ಘಟಕಗಳ ಸಾಮರ್ಥ್ಯಕ್ಕೆ ಇದು ಮೀರಿದ್ದಲ್ಲ.

ಹೆಜ್ಜೆ ಇಡುವ ಮುನ್ನ ಎರಡು ಸಂಗತಿ ತಿಳಿದಿರಬೇಕು. 2020ರ ಫೆಬ್ರವರಿಯ ಅಧಿಸೂಚನೆಯಂತೆ ಮನುಷ್ಯರಿಗಷ್ಟೇ ಅಲ್ಲದೆ ಪ್ರಾಣಿಗಳಿಗಾಗಿ ತಯಾರಿಸುವ ವೈದ್ಯಕೀಯ ಸಾಧನಗಳೂ ಔಷಧ ನಿಯಂತ್ರಣದ ವ್ಯಾಪ್ತಿಗೆ ಬಂದಿವೆ. 2017ರ ವೈದ್ಯಕೀಯ ಸಾಧನಗಳ ನಿಯಮಗಳಡಿ ಸಾಧನದ ವರ್ಗಕ್ಕೆ ತಕ್ಕಂತೆ ನೋಂದಣಿ ಅಥವಾ ಪರವಾನಗಿ ಅಗತ್ಯ. 2025ರ ಸೆಪ್ಟೆಂಬರ್ 22ರಿಂದ ವೈದ್ಯಕೀಯ, ದಂತವೈದ್ಯಕೀಯ ಮತ್ತು ಪಶುವೈದ್ಯಕೀಯ ಉಪಕರಣಗಳ ಜಿಎಸ್‌ಟಿ ದರವನ್ನು ಶೇಕಡಾ 5ಕ್ಕೆ ಇಳಿಸಲಾಯಿತು. ಉಕ್ಕಿನ ಮೇಲೆ ಶೇಕಡಾ 18 ಕೊಟ್ಟು, ಸಿದ್ಧವಸ್ತುವನ್ನು ಶೇಕಡಾ 5ರಲ್ಲಿ ಮಾರಿದಾಗ ಕ್ರೆಡಿಟ್ ಶೇಖರವಾಗುತ್ತದೆ. ಅದರ ಮರುಪಾವತಿಗೆ ಕಾನೂನಿನಲ್ಲಿ ಅವಕಾಶವಿದೆ. ಮರುಪಾವತಿ ಕೈಸೇರುವವರೆಗಿನ ದುಡಿಯುವ ಬಂಡವಾಳವನ್ನು ಲೆಕ್ಕದಲ್ಲಿಟ್ಟುಕೊಂಡೇ ದರ ನಿಗದಿಪಡಿಸಬೇಕು.

ಮಾಲೀಕರು ಗಮನಿಸಬೇಕಾದ ಅಂಶಗಳು

1. ಬಾಯಿಯ ದುರ್ವಾಸನೆ, ಒಂದೇ ಬದಿಯಲ್ಲಿ ಅಗಿಯುವುದು, ತುತ್ತು ಬೀಳಿಸುವುದು, ಕಣ್ಣಿನ ಕೆಳಗೆ ಊತ, ಪಂಜದಿಂದ ಬಾಯಿ ಉಜ್ಜಿಕೊಳ್ಳುವುದು ಕಂಡುಬಂದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಊಟ ಮಾಡುತ್ತಿದೆ ಎಂದ ಮಾತ್ರಕ್ಕೆ ನೋವಿಲ್ಲವೆಂದು ತಿಳಿಯಬೇಡಿ.

2. ದವಡೆ ಜೋತುಬಿದ್ದು ಜೊಲ್ಲು ಸುರಿಸುತ್ತಿರುವ, ನುಂಗಲು ಒದ್ದಾಡುವ ನಾಯಿಯ ಬಾಯಿಗೆ ಯಾರೂ ಕೈ ಹಾಕಬಾರದು. ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದು ತೋರಿದರೂ ಅದು ರೇಬೀಸ್ ಆಗಿರಬಹುದು. ಕೆಲಸಗಾರರಿಗೆ ಇದನ್ನು ಸ್ಪಷ್ಟವಾಗಿ ತಿಳಿಸಿ. ಕಚ್ಚಿದರೆ ಅಥವಾ ಗಾಯಕ್ಕೆ ಜೊಲ್ಲು ತಗುಲಿದರೆ 15 ನಿಮಿಷ ಸೋಪು, ನೀರಿನಿಂದ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು.

3. ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಐಬುಪ್ರೊಫೆನ್ ನಾಯಿಗೂ ಅಪಾಯಕಾರಿ.

4. ಕಾವಲು ನಾಯಿಯನ್ನು ಇಡೀ ದಿನ ಗೂಡಿನಲ್ಲಿ ಕೂಡಬೇಡಿ. ಗಟ್ಟಿ ಮೂಳೆ, ಗೊರಸು ಕೊಡಬೇಡಿ.

5. ಚಿಕಿತ್ಸೆಗೆ ಮೊದಲು ಮೂರು ಪ್ರಶ್ನೆ ಕೇಳಿ: ಬಾಯಿಯ ಎಕ್ಸ್-ರೇ ಸೌಲಭ್ಯವಿದೆಯೇ? ಶ್ವಾಸನಾಳಕ್ಕೆ ಕೊಳವೆ ಹಾಕಿ ಅರಿವಳಿಕೆ ಕೊಡುತ್ತಾರೆಯೇ? ಅದರ ನಿಗಾ ನೋಡುವವರು ಯಾರು?

6. ವಿಮೆ ಇದ್ದಲ್ಲಿ ಷರತ್ತುಗಳನ್ನು ಪೂರ್ತಿ ಓದಿ. ಅಪಘಾತದ ಹಲ್ಲಿನ ಗಾಯ ಮತ್ತು ವಸಡಿನ ರೋಗ ಎರಡಕ್ಕೂ ಒಂದೇ ರೀತಿಯ ರಕ್ಷಣೆ ಇರುತ್ತದೆಯೆಂದು ಭಾವಿಸಬೇಡಿ.

ಕೊನೆಯದಾಗಿ, ಕೆಲಸಕ್ಕೆ ಬಾರದಾದ ಪ್ರಾಣಿಯನ್ನು ಹಸಿವು, ಸಂಕಟಕ್ಕೆ ಗುರಿಯಾಗುವಂತೆ ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ. ಕಾನೂನಿನ ಮಾತು ಹಾಗಿರಲಿ. ವರ್ಷಾನುಗಟ್ಟಲೆ ನಮ್ಮ ದಾಸ್ತಾನನ್ನು ಕಾಯ್ದ ಜೀವಿಗೆ ನಾವು ತೀರಿಸಬೇಕಾದ ಬಾಕಿ ಯಾವ ಖಾತೆಯಲ್ಲಿಯೂ ನಮೂದಾಗಿರುವುದಿಲ್ಲ. ಗುಣವಾಗುವ ರೋಗಕ್ಕೆ ಸಕಾಲದಲ್ಲಿ ಸರಿಯಾದ ಚಿಕಿತ್ಸೆ, ಗುಣವಾಗದ ರೋಗಕ್ಕೆ ವೈದ್ಯರ ಸಲಹೆಯಂತೆ ನೋವಿಲ್ಲದ ಅಂತ್ಯ, ಇವೆರಡರಲ್ಲಿ ಒಂದನ್ನು ತಿಳಿದು ಆರಿಸಿಕೊಂಡಾಗ ಮಾತ್ರ ಆ ಲೆಕ್ಕ ಚುಕ್ತಾ ಆಗುತ್ತದೆ.